ಪದವಿನ ಟಿಟ್ಟಿಭವನ್ನು ಕಾಗದಕ್ಕೆ ತರುವುದು: ವನ್ಯಜೀವಿ ಚಿತ್ರಕಲೆಯ ಕುರಿತು ಚರ್ಚೆ

ಪದವಿನಂಚು, ಬದಿಯಡ್ಕ:

ಎಲ್ಲರಿಗೂ ನಮಸ್ಕಾರ. ನಮ್ಮ ಊರಿನ ವಾಚನಾಲಯದ ಗೋಡೆಗೆಂದು ಪದವಿನ, ಎಂದರೆ ಮುರಕಲ್ಲು (ಜಂಬಿಟ್ಟಿಗೆ) ಹಾಸಿದ ಎತ್ತರದ ಬಯಲಿನ, ಪ್ರಾಣಿಪಕ್ಷಿಗಳ ಚಿತ್ರಮಾಲೆಯೊಂದನ್ನು ರಚಿಸುತ್ತಿದ್ದೇನೆ. ಜಲವರ್ಣ ಮತ್ತು ಗ್ವಾಶ್ (ಅಪಾರದರ್ಶಕ ಜಲವರ್ಣ) ಎರಡನ್ನೂ ಬಳಸುತ್ತೇನೆ. ಕಾಸರಗೋಡಿನ ಮುರಕಲ್ಲಿನ ಪದವುಗಳು ವರ್ಷದೊಳಗೆ ಎಷ್ಟು ವೇಷ ಬದಲಿಸುತ್ತವೆ ಎಂಬುದು ಇಲ್ಲಿಯವರಿಗೆ ಗೊತ್ತೇ ಇದೆ. ಬೇಸಗೆಯಲ್ಲಿ ಕಾದು ಕರಿಕೆಂಪಾಗಿ ಬಿದ್ದಿರುವ ಅದೇ ಬಂಡೆಯ ಮೇಲೆ ಆಟಿ ತಿಂಗಳ (ಜುಲೈ–ಆಗಸ್ಟ್) ಹೊತ್ತಿಗೆ ಪಳ್ಳಗಳು (ನೀರಿನ ಹೊಂಡಗಳು) ತುಂಬುತ್ತವೆ, ಮುಳಿಹುಲ್ಲು ಏಳುತ್ತದೆ, ಅದರ ಮುಂದಿನ ಸೋಣ ತಿಂಗಳು ಬರುವಾಗ ಕೀಟಗಳನ್ನು ಹಿಡಿದು ಬದುಕುವ ಪುಟ್ಟ ಗಿಡಗಳ ನೀಲಿನೇರಳೆ ಹೂಗಳು ನೆಲ ಕಾಣದಷ್ಟು ಅರಳುತ್ತವೆ. ಇವೆಲ್ಲದರ ನಡುವೆ ವರ್ಷಪೂರ್ತಿ ಇರುವ ಹಕ್ಕಿ ಕೆಂಪು ಟಿಟ್ಟಿಭ. ಆದ್ದರಿಂದ ಮಾಲೆಯ ಮೊದಲ ಚಿತ್ರ ಅದರದ್ದೇ ಆಗಬೇಕೆಂದು ನನ್ನ ಆಸೆ.

ನನ್ನನ್ನು ಕಾಡುತ್ತಿರುವ ವಿಷಯ ಇದು. ನಮ್ಮ ಕಡೆ ಈಗ ಕಾಣಸಿಗುವ ಬಹುಪಾಲು ವನ್ಯಜೀವಿ ಚಿತ್ರಗಳಲ್ಲಿ ಹಕ್ಕಿಯ ಗರಿಗರಿಯೂ ಸರಿಯಾಗಿರುತ್ತದೆ, ಬಂಡೆಯೂ ಸರಿಯಾಗಿರುತ್ತದೆ, ಆದರೆ ಹಕ್ಕಿ ಆ ಬಂಡೆಯ ಮೇಲೆ ನಿಂತಿದೆ ಎಂದು ನಂಬಿಕೆ ಬರುವುದಿಲ್ಲ. ಎಲ್ಲಿಂದಲೋ ಕತ್ತರಿಸಿ ತಂದು ಅಂಟಿಸಿದ ಹಾಗೆ ಕಾಣುತ್ತದೆ. ಇದು ರೇಖೆಯ ಕೊರತೆಯೋ, ಬಣ್ಣದ ಕೊರತೆಯೋ, ಫೋಟೋ ನೋಡಿ ಚಿತ್ರಿಸುವುದರಿಂದ ಬರುವ ಕೊರತೆಯೋ? ಅನುಭವವಿರುವವರು ವಿವರವಾಗಿ ಬರೆದರೆ ಉಪಕಾರವಾಗುತ್ತದೆ. ಮಿಂಚುಳ್ಳಿಯ ಬೆನ್ನಿನ ನೀಲಿಯನ್ನು ಮತ್ತು ಮಳೆಗಾಲದಲ್ಲಿ ಕಾಗದವನ್ನು ಹೇಗೆ ನಿಭಾಯಿಸುತ್ತೀರಿ ಎಂಬುದನ್ನೂ ತಿಳಿಸಿ.

ಡ್ರಾಯಿಂಗ್ ಮಾಸ್ಟ್ರು, ಕುಂಬಳೆ:

ನಿಮ್ಮ ಪ್ರಶ್ನೆಗೆ ನನ್ನ ನೇರ ಉತ್ತರ: ಕೊರತೆ ಇರುವುದು ಬೆಳಕಿನಲ್ಲಿ. ಟಿಟ್ಟಿಭದ ಹೊಟ್ಟೆ ಬಿಳಿ. ಹೊತ್ತು ಏರಿದ ಮೇಲೆ ಆ ಹೊಟ್ಟೆ ನೆರಳಿನಲ್ಲಿರುತ್ತದೆ ಎಂದು ಎಲ್ಲರಿಗೂ ಗೊತ್ತು, ಹಾಗಾಗಿ ಅಲ್ಲಿಗೆ ಬೂದುಬಣ್ಣ ಹಚ್ಚುತ್ತಾರೆ. ಆದರೆ ಕೆಳಗಿರುವುದು ಕೆಂಪು ಬಂಡೆ. ಅದರ ಮೇಲೆ ಬಿದ್ದ ಬಿಸಿಲು ಮೇಲಕ್ಕೆ ಪ್ರತಿಫಲಿಸುವಾಗ ಬಂಡೆಯ ಬಣ್ಣವನ್ನು ಜೊತೆಗೆ ಒಯ್ಯುತ್ತದೆ. ಮಾರ್ಚ್ ತಿಂಗಳಿನಲ್ಲಿ ಪದವಿನ ಮೇಲೆ ನಿಂತು ಬೈನಾಕ್ಯುಲರಿನಲ್ಲಿ ನೋಡಿದರೆ, ಆ ಬಿಳಿ ಹೊಟ್ಟೆಯ ನೆರಳು ಕಾವಿ ಮಿಶ್ರಿತ ಕಿತ್ತಳೆಯಾಗಿ, ಬೆಚ್ಚಗೆ ಕಾಣುತ್ತದೆ. ಅದೇ ಹೊತ್ತಿಗೆ ಆಕಾಶಕ್ಕೆ ಮುಖ ಮಾಡಿದ ಬೆನ್ನಿನ ಕಂಚುಕಂದು ಗರಿಗಳ ಮೇಲೆ ತೆಳುವಾದ ನೀಲಿ ಹೊಳಪು ಇರುತ್ತದೆ. ಮೇಲಿನಿಂದ ಆಕಾಶ, ಕೆಳಗಿನಿಂದ ನೆಲ, ಎರಡೂ ಹಕ್ಕಿಯ ಮೈಮೇಲೆ ಬರೆದಿರುತ್ತವೆ. ಅವೆರಡನ್ನೂ ಬಿಟ್ಟು ಹಕ್ಕಿಯ ಸ್ವಂತ ಬಣ್ಣವನ್ನಷ್ಟೇ ಚಿತ್ರಿಸಿದರೆ ಅದು ಯಾವ ನೆಲದ ಮೇಲೂ ನಿಲ್ಲುವುದಿಲ್ಲ. ಮಳೆಗಾಲದಲ್ಲಿ ಹುಲ್ಲು ಎದ್ದ ಮೇಲೆ ಹೊಟ್ಟೆಯ ನೆರಳಿಗೆ ಹಸಿರು ಸೇರುತ್ತದೆ. ಮೋಡ ಕವಿದ ದಿನ ನೆರಳೇ ಇಲ್ಲದಂತಾಗಿ, ಒದ್ದೆ ಬಂಡೆ ಕಪ್ಪಾಗಿ, ಹಕ್ಕಿಯ ಬಿಳಿಯೇ ಇಡೀ ಚಿತ್ರದ ಅತ್ಯಂತ ಪ್ರಕಾಶಮಾನ ಭಾಗವಾಗುತ್ತದೆ. ಒಂದೇ ಹಕ್ಕಿ, ಒಂದೇ ಪದವು, ಮೂರು ಬೇರೆ ಬೇರೆ ಚಿತ್ರಗಳು.

ಕ್ಯಾಮೆರಾ ಇದನ್ನು ಹಿಡಿಯುವುದಿಲ್ಲವೇ ಎಂದು ಕೇಳಬಹುದು. ಹಿಡಿಯುತ್ತದೆ, ಆದರೆ ಬಣ್ಣಗಳನ್ನು ತಾನಾಗಿ ಸರಿಹೊಂದಿಸುವ ವ್ಯವಸ್ಥೆಯನ್ನು ಚಾಲೂ ಇಟ್ಟಿದ್ದರೆ ಅದು ಬಿಳಿಯನ್ನು ಬಿಳಿಯಾಗಿಯೇ ತೋರಿಸುವ ಪ್ರಯತ್ನದಲ್ಲಿ ಈ ಕೆಂಪನ್ನು ಅಳಿಸಿ ತೆಳುವಾಗಿಸುತ್ತದೆ. ನಾವು ಆ ಫೋಟೋವನ್ನು ಕಂಡಂತೆ ನಕಲು ಮಾಡುತ್ತೇವೆ.

ಹಚ್ಚುವ ಕ್ರಮವನ್ನು ಹೇಳುತ್ತೇನೆ. ಪೆನ್ಸಿಲ್ ರೇಖೆ ಮುಗಿದ ಮೇಲೆ ಬರ್ನ್ಟ್ ಸಿಯೆನ್ನಾದ (ಕೆಂಗಂದು ಬಣ್ಣದ) ಬಹಳ ತೆಳು ನೀರನ್ನು ಬಂಡೆಗೂ ಹಕ್ಕಿಯ ಹೊಟ್ಟೆಯ ಕೆಳಭಾಗಕ್ಕೂ ಒಂದೇ ಎಳೆತದಲ್ಲಿ, ನಡುವೆ ಗೆರೆಯನ್ನು ಲೆಕ್ಕಿಸದೆ ಹರಿಸಬೇಕು. ಅದು ಪೂರ್ತಿ ಒಣಗಿದ ಮೇಲೆ ಅಲ್ಟ್ರಾಮರೀನ್ ನೀಲಿ ಬೆರೆಸಿದ ನೆರಳನ್ನು ಅದರ ಮೇಲೆ ತೆಳುವಾಗಿ ಹಾಸಬೇಕು. ಅಡಿಯಲ್ಲಿ ಒಂದೇ ಬಣ್ಣ ಇರುವುದರಿಂದ ಹಕ್ಕಿ ಮತ್ತು ನೆಲ ತಾವಾಗಿ ಹೊಂದಿಕೊಳ್ಳುತ್ತವೆ. ಇನ್ನು ಅಂಚುಗಳು. ಹಕ್ಕಿಯ ಸುತ್ತ ಎಲ್ಲ ಕಡೆಯೂ ಒಂದೇ ಹರಿತದ ಗೆರೆ ಇರಬಾರದು. ಬೆನ್ನಿನ ಕಂದೂ ಹಿಂದಿನ ಬಂಡೆಯ ಕಂದೂ ಒಂದೇ ಗಾಢತೆಗೆ ಬರುವಲ್ಲಿ ಒದ್ದೆ ಕುಂಚದಿಂದ ಅಂಚನ್ನು ಕರಗಿಸಿಬಿಡಿ. ಕಪ್ಪು ಎದೆಗೂ ಬಿಳಿ ಹೊಟ್ಟೆಗೂ ನಡುವಿನ ಅಂಚನ್ನು, ಕಣ್ಣಿನ ಮುಂದಿನ ಕೆಂಪು ಚರ್ಮವನ್ನು ಮಾತ್ರ ಹರಿತವಾಗಿ ಬಿಡಿ. ನೋಡುವವರ ಕಣ್ಣು ಅಲ್ಲಿಗೇ ಹೋಗುತ್ತದೆ.

ನಿಲುವಿನ ಬಗ್ಗೆಯೂ ಒಂದು ಮಾತು. ಹಕ್ಕಿಯ ಕಾಲಿನಲ್ಲಿ ಹಿಂದಕ್ಕೆ ಮಡಚಿದಂತೆ ಕಾಣುವ ಕೀಲು ಮೊಣಕಾಲಲ್ಲ, ಅದು ನಮ್ಮ ಪಾದದ ಹರಡಿಗೆ ಸಮಾನವಾದ ಕೀಲು. ನಿಜವಾದ ಮೊಣಕಾಲು ಗರಿಗಳೊಳಗೆ ಅಡಗಿರುತ್ತದೆ. ಇದು ತಿಳಿದಿದ್ದರೆ ತೊಡೆ ಎಲ್ಲಿಂದ ಹೊರಡುತ್ತದೆ, ಮೈಯ ಭಾರ ಎಲ್ಲಿ ಇಳಿಯುತ್ತದೆ ಎಂಬುದು ಸ್ಪಷ್ಟವಾಗುತ್ತದೆ. ಭಾರದ ಕೇಂದ್ರದಿಂದ ನೇರ ಕೆಳಗೆ ಎಳೆದ ಗೆರೆ ಕಾಲ್ಬೆರಳುಗಳ ನಡುವೆ ಬಿದ್ದರೆ ಹಕ್ಕಿ ನಿಂತಿದೆ, ಇಲ್ಲದಿದ್ದರೆ ಬೀಳುತ್ತಿದೆ. ಟಿಟ್ಟಿಭವು ನಾಲ್ಕು ಹೆಜ್ಜೆ ಓಡುತ್ತದೆ, ಥಟ್ಟನೆ ನಿಲ್ಲುತ್ತದೆ, ಕಾಲನ್ನು ಹೆಚ್ಚು ಬಗ್ಗಿಸದೆ ಇಡೀ ಮೈಯನ್ನೇ ಮುಂದಕ್ಕೆ ವಾಲಿಸಿ ಹುಳುವನ್ನು ಹೆಕ್ಕುತ್ತದೆ. ಈ ಮೂರು ಭಂಗಿಗಳು ಮತ್ತೆ ಮತ್ತೆ ಬರುತ್ತಲೇ ಇರುತ್ತವೆ. ಆದ್ದರಿಂದ ಒಂದೇ ಪುಟದಲ್ಲಿ ಮೂರನ್ನೂ ಅರ್ಧರ್ಧ ಆರಂಭಿಸಿ, ಹಕ್ಕಿ ಯಾವ ಭಂಗಿಗೆ ಬರುತ್ತದೋ ಆ ರೇಖಾಚಿತ್ರಕ್ಕೆ ಹಿಂದಿರುಗಿ ಎರಡು ಗೆರೆ ಸೇರಿಸುತ್ತಾ ಹೋಗಬೇಕು. ಒಂದನ್ನು ಮುಗಿಸಿ ಇನ್ನೊಂದಕ್ಕೆ ಹೋಗುತ್ತೇನೆ ಎಂದರೆ ಯಾವುದೂ ಮುಗಿಯುವುದಿಲ್ಲ.

ಕಡಲಕರೆ, ಮಂಜೇಶ್ವರ:

ಮಾಸ್ಟ್ರು ಬೆಳಕಿನ ಬಗ್ಗೆ ಹೇಳಿದ್ದನ್ನು ಪೂರ್ತಿ ಒಪ್ಪುತ್ತೇನೆ. ಆದರೆ ಫೋಟೋದ ಮೇಲೆ ಹೊರಿಸುವ ಆರೋಪ ಅತಿಯಾಗುತ್ತಿದೆ ಎಂದು ನನಗೆ ಅನಿಸುತ್ತದೆ. ಮನುಷ್ಯನ ಕಣ್ಣಿಗೆ ನಿಲುಕದ ಸಂಗತಿಗಳಿವೆ. ಓಡುವ ಕುದುರೆಯ ನಾಲ್ಕೂ ಕಾಲುಗಳು ಮುಂದಕ್ಕೂ ಹಿಂದಕ್ಕೂ ಚಾಚಿಕೊಂಡಿರುವಂತೆ ಶತಮಾನಗಳ ಕಾಲ ದೊಡ್ಡ ದೊಡ್ಡ ಕಲಾವಿದರು ಚಿತ್ರಿಸಿದರು. 1878ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಎಡ್ವರ್ಡ್ ಮೈಬ್ರಿಜ್ ಸಾಲು ಕ್ಯಾಮೆರಾಗಳಿಂದ ತೆಗೆದ ಚಿತ್ರಗಳು, ಕುದುರೆ ನೆಲಬಿಟ್ಟು ಗಾಳಿಯಲ್ಲಿರುವ ಕ್ಷಣದಲ್ಲಿ ಅದರ ಕಾಲುಗಳು ಹೊಟ್ಟೆಯ ಕೆಳಗೆ ಮಡಚಿಕೊಂಡಿರುತ್ತವೆ ಎಂದು ತೋರಿಸಿದವು. ಹಾರುವ ಹಕ್ಕಿಯ ರೆಕ್ಕೆಯ ವಿಷಯದಲ್ಲೂ ಹೀಗೆಯೇ: ರೆಕ್ಕೆ ಮೇಲೇಳುವಾಗ ತುದಿಯ ದೊಡ್ಡ ಗರಿಗಳು ಹೇಗೆ ಬಿಡಿಸಿಕೊಳ್ಳುತ್ತವೆ ಎಂಬುದನ್ನು ಕ್ಯಾಮೆರಾ ಇಲ್ಲದೆ ತಿಳಿಯುವುದು ಬಹಳ ಕಷ್ಟ.

ನಾನು ಹೆಚ್ಚಾಗಿ ಚಿತ್ರಿಸುವುದು ಬಿಳಿಹೊಟ್ಟೆಯ ಕಡಲಹದ್ದನ್ನು. 2023ರಲ್ಲಿ ನಮ್ಮ ಜಿಲ್ಲೆ ತನ್ನದೇ ಆದ ಮರ, ಹೂ, ಹಕ್ಕಿ ಮತ್ತು ಪ್ರಾಣಿಯನ್ನು ಘೋಷಿಸಿಕೊಂಡಾಗ ಜಿಲ್ಲೆಯ ಹಕ್ಕಿಯಾಗಿ ಆರಿಸಿದ್ದು ಇದನ್ನೇ. ಕರಾವಳಿಯ ಎತ್ತರದ ಮರಗಳಲ್ಲಿ ಗೂಡು ಕಟ್ಟುತ್ತದೆ, ಸುತ್ತುವಾಗ ರೆಕ್ಕೆಗಳನ್ನು ಅಗಲವಾಗಿ ಮೇಲಕ್ಕೆತ್ತಿ ಹಿಡಿಯುತ್ತದೆ, ಬಾಲ ಗಿಡ್ಡವಾಗಿ ಬೆಣೆಯಾಕಾರದಲ್ಲಿರುತ್ತದೆ. ಈ ಆಕಾರವನ್ನು ಕಡಲಕರೆಯಲ್ಲಿ ಕುಳಿತು ಕಣ್ಣಿನಿಂದಲೇ ಕಲಿಯಬಹುದು, ಕಲಿಯಲೇಬೇಕು. ಆದರೆ ಗೂಡಿನೊಳಗಿನ ಮರಿಯನ್ನು ಚಿತ್ರಿಸಲು ಮರದ ಬುಡಕ್ಕೆ ಹೋಗಿ ಕೂರುವುದಕ್ಕಿಂತ ದೂರದಿಂದ ಯಾರೋ ತೆಗೆದ ಒಳ್ಳೆಯ ಫೋಟೋ ಹಕ್ಕಿಗೂ ಹಿತ, ನಮಗೂ ಹಿತ.

ಅದೇ ಘೋಷಣೆಯಲ್ಲಿ ಸೇರಿದ ಪ್ರಾಣಿಯನ್ನು ನೋಡಿ: ಮಲಯಾಳದಲ್ಲಿ ಪಾಲಪ್ಪೂವನ್ ಎನ್ನುವ, ಚಂದ್ರಗಿರಿ ಹೊಳೆಯಲ್ಲಿರುವ ದೈತ್ಯ ಮೃದುಚಿಪ್ಪಿನ ಆಮೆ. ಅದು ಬದುಕಿನ ಬಹುಭಾಗವನ್ನು ಹೊಳೆಯ ತಳದ ಮರಳಿನಲ್ಲಿ ಹೂತು, ಕಣ್ಣು ಮೂತಿಗಳನ್ನಷ್ಟೇ ಹೊರಗಿಟ್ಟು ಅಲುಗಾಡದೆ ಕಳೆಯುತ್ತದೆ; ಜಗತ್ತಿನಲ್ಲೇ ತೀವ್ರ ಅಪಾಯದ ಅಂಚಿನಲ್ಲಿರುವ ಜೀವಿ. ಸಂಶೋಧಕರ ಫೋಟೋಗಳಿಲ್ಲದಿದ್ದರೆ ಇದನ್ನು ಯಾರೂ ಚಿತ್ರಿಸುವಂತಿಲ್ಲ. ಹೊಳೆಯ ದಂಡೆಯಲ್ಲಿ ಕುಳಿತು ಎಷ್ಟು ಕಾದರೂ ಸಿಗುವುದು ನೀರಿನ ಬಣ್ಣ ಮಾತ್ರ.

ಡ್ರಾಯಿಂಗ್ ಮಾಸ್ಟ್ರು, ಕುಂಬಳೆ:

ಆ ನೀರಿನ ಬಣ್ಣವೇ ನಿಮ್ಮ ಆಮೆಯ ಚಿತ್ರದ ಅರ್ಧ ಭಾಗ. ಫೋಟೋ ಬೇಡ ಎಂದು ನಾನು ಹೇಳುವುದಿಲ್ಲ. ಆಮೆಯ ಆಕಾರವನ್ನು ಫೋಟೋದಿಂದ ಪಡೆಯಿರಿ. ಮರಳಿನ ಒರಟುತನ, ಮಳೆಗಾಲ ಕಳೆದ ಮೇಲೆ ನೀರು ತಿಳಿಯಾಗುವ ರೀತಿ, ತಳದ ಮರಳಿನ ಮೇಲೆ ಬಿಸಿಲು ಬಲೆಬಲೆಯಾಗಿ ನಡುಗುವುದು, ಇವನ್ನು ಹೊಳೆಯಿಂದಲೇ ಪಡೆಯಿರಿ. ಒಂದೇ ಒಂದು ಫೋಟೋವನ್ನು ಎದುರಿಗಿಟ್ಟುಕೊಂಡು ಅದನ್ನೇ ದೊಡ್ಡದು ಮಾಡುವುದಕ್ಕೆ ಮಾತ್ರ ನನ್ನ ವಿರೋಧ. ಅಲ್ಲಿ ಆಯ್ಕೆ ಮಾಡಿದ್ದು ಫೋಟೋ ತೆಗೆದವರು, ಕಂಡದ್ದೂ ಅವರೇ.

ತೋಟದಮನೆ, ಪೆರ್ಲ:

ನಾನು ಕೃಷಿಕಳು, ಬಿಡುವಿನಲ್ಲಿ ಚಿತ್ರ ಬಿಡಿಸುವವಳು. ಪದವಿಗೆ ಹೋಗುವಷ್ಟು ಸಮಯ ಸಿಗುವುದಿಲ್ಲ, ಆದರೆ ಅಡಿಕೆ ತೋಟದೊಳಗೇ ನನಗೆ ಬೇಕಾದಷ್ಟಿದೆ. ಅದರಲ್ಲೂ ಹಾರುವ ಓತಿ. ಬೆಳಗಿನ ಬಿಸಿಲು ಅಡಿಕೆ ಮರದ ಕಾಂಡಕ್ಕೆ ತಾಗಿದ ಹೊತ್ತಿಗೆ ಇವು ಚುರುಕಾಗುತ್ತವೆ. ಗಂಡು ಓತಿ ಗಂಟಲಿನ ಹಳದಿ ಚರ್ಮವನ್ನು ಮುಂದಕ್ಕೆ ಚಾಚುತ್ತದೆ, ಮಡಚುತ್ತದೆ, ಮತ್ತೆ ಚಾಚುತ್ತದೆ. ಆ ಹಳದಿ ಕಾಣಿಸದಿದ್ದರೆ ಅದು ಅಲ್ಲಿರುವುದೇ ಗೊತ್ತಾಗುವುದಿಲ್ಲ, ಯಾಕೆಂದರೆ ಅದರ ಮೈ ಕಾಂಡದ ಮೇಲಿನ ಬೂದುಬಿಳಿ ಕಲ್ಲುಹೂವಿನ ಬಣ್ಣದ್ದೇ.

ಇದನ್ನು ಚಿತ್ರಿಸಲು ಹೊರಟವರು ಮೊದಲು ಓತಿಯನ್ನು ಮರೆತು ಕಾಂಡವನ್ನು ಕಲಿಯಬೇಕು ಎಂಬುದು ನನ್ನ ಅಭಿಪ್ರಾಯ. ಅಡಿಕೆ ಮರದ ಕಾಂಡ ಸರಳವಾದ ಬೂದು ಕಂಬವಲ್ಲ. ಹಾಳೆ ಕಳಚಿದ ಜಾಗದ ಉಂಗುರಗಳಿವೆ, ಉಂಗುರಗಳ ನಡುವಿನ ಅಂತರ ಕೆಳಗೆ ಹೆಚ್ಚು, ಮೇಲೆ ಹೋದಂತೆ ಕಡಿಮೆ. ಒಂದು ಮಗ್ಗುಲಲ್ಲಿ ಹಾವಸೆಯ ಹಸಿರು, ಇನ್ನೊಂದು ಮಗ್ಗುಲಲ್ಲಿ ಕಲ್ಲುಹೂವಿನ ಮಚ್ಚೆಗಳು. ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಬಿಟ್ಟ ಮೇಲೆ ಮೈಲುತುತ್ತು ಮತ್ತು ಸುಣ್ಣದ ತಿಳಿನೀಲಿ ಕಲೆಗಳು ಕಾಂಡದ ಮೇಲೆ, ಎಲೆಗಳ ಮೇಲೆ ಉಳಿಯುತ್ತವೆ. ಆ ನೀಲಿಯನ್ನು ಚಿತ್ರದಲ್ಲಿ ಬಿಡಬೇಕೇ ಇಡಬೇಕೇ? ಹೆಚ್ಚಿನವರು ಬಿಡುತ್ತಾರೆ, ಕಾಡಿನ ಚಿತ್ರದಂತೆ ಕಾಣಲಿ ಎಂದು. ನಾನು ಇಡುತ್ತೇನೆ. ನಮ್ಮ ತೋಟದ ಓತಿ ಬದುಕುವುದು ಆ ನೀಲಿ ಕಲೆಗಳ ನಡುವೆ; ಅದನ್ನು ಅಳಿಸಿದರೆ ನಾನು ಅದರ ಮನೆಯನ್ನೇ ಅಳಿಸಿದಂತೆ.

ತಂತ್ರದ ಮಾತು ಹೇಳುವುದಾದರೆ, ಓತಿಯ ಹೊರರೇಖೆಯನ್ನು ನಾನು ಎಳೆಯುವುದೇ ಇಲ್ಲ. ಕಾಂಡದ ಮಚ್ಚೆಗಳನ್ನು ಹಾಕುತ್ತಾ ಬಂದು, ಓತಿಯ ಮೈ ಇರುವಲ್ಲಿ ಅದೇ ಮಚ್ಚೆಗಳನ್ನು ಸ್ವಲ್ಪ ಬೇರೆ ದಿಕ್ಕಿಗೆ ತಿರುಗಿಸುತ್ತೇನೆ. ಕಾಂಡ ಮತ್ತು ಹೊಟ್ಟೆ ಸೇರುವ ಸಂದಿಯ ಸಣ್ಣ ನೆರಳು, ಉಗುರುಗಳು, ಕಣ್ಣು, ಇಷ್ಟನ್ನು ಮಾತ್ರ ಗಾಢವಾಗಿಸುತ್ತೇನೆ. ಹಾರುವಾಗಿನ ಚಿತ್ರಕ್ಕೆ ದೇಹದ ರಚನೆ ತಿಳಿದಿರಬೇಕು: ಆ ರೆಕ್ಕೆ ಕೈಕಾಲುಗಳ ನಡುವಿನ ಚರ್ಮವಲ್ಲ, ಉದ್ದವಾಗಿ ಬೆಳೆದ ಪಕ್ಕೆಲುಬುಗಳ ಮೇಲೆ ಹರಡಿದ ಪೊರೆ. ಆದ್ದರಿಂದ ಅದರ ಕಡ್ಡಿಗಳು ಎದೆಯ ಪಕ್ಕದಿಂದ ಹೊರಡಬೇಕು, ತೋಳಿನಿಂದಲ್ಲ. ಬಾವಲಿಯ ರೆಕ್ಕೆಯಂತೆ ಚಿತ್ರಿಸಿದ್ದನ್ನು ಎಷ್ಟೋ ಕಡೆ ನೋಡಿದ್ದೇನೆ. ಇಳಿಯುವಾಗ ಕಾಂಡದ ಹತ್ತಿರ ಬಂದು ಕೊನೆಯಲ್ಲಿ ತುಸು ಮೇಲಕ್ಕೆ ಏರಿ, ತಲೆ ಮೇಲಾಗಿ ಅಂಟಿಕೊಳ್ಳುತ್ತದೆ. ಹೆಣ್ಣು ಮೊಟ್ಟೆಯಿಡಲು ನೆಲಕ್ಕೆ ಇಳಿದು ಬರುತ್ತದೆ, ಆ ಹೊತ್ತಿನಲ್ಲಿ ಹತ್ತಿರ ಹೋಗಬೇಡಿ.

ಬಣ್ಣದ ಬಟ್ಟಲು, ಕಾಸರಗೋಡು:

ಮಿಂಚುಳ್ಳಿಯ ನೀಲಿಯ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲವಾದ್ದರಿಂದ ನಾನು ಬರೆಯುತ್ತೇನೆ. ರಸಾಯನಶಾಸ್ತ್ರ ಕಲಿಸುವವನಾದ್ದರಿಂದ ಇದು ನನ್ನ ಪ್ರೀತಿಯ ವಿಷಯ. ಮಿಂಚುಳ್ಳಿಯ ಗರಿಯಲ್ಲಿ ನೀಲಿ ವರ್ಣದ್ರವ್ಯವಿಲ್ಲ. ಗರಿಯ ಎಳೆಗಳೊಳಗಿನ ಕೆರಾಟಿನ್, ಗಾಳಿಯ ಅತಿಸೂಕ್ಷ್ಮ ರಂಧ್ರಗಳಿಂದ ತುಂಬಿದ ಜಾಲವಾಗಿದ್ದು, ಆ ರಂಧ್ರಗಳ ಗಾತ್ರ ಮತ್ತು ಅಂತರ ನೀಲಿ ಬೆಳಕನ್ನು ಹೆಚ್ಚಾಗಿ ಹಿಂದಿರುಗಿಸುವಂತಿದೆ. ನವಿಲಿನಲ್ಲಿ ಕೆಲಸ ಬೇರೆ: ಅಲ್ಲಿ ಮೆಲನಿನ್ನಿನ ಸೂಕ್ಷ್ಮ ಕಡ್ಡಿಗಳು ಕ್ರಮಬದ್ಧವಾಗಿ ಜೋಡಣೆಯಾಗಿ, ಅವುಗಳ ನಡುವಿನ ಅಂತರ ಬದಲಾದಂತೆ ಹಸಿರು, ನೀಲಿ, ಕಂದು ಕಾಣಿಸುತ್ತವೆ, ಮತ್ತು ನೋಡುವ ಕೋನ ಬದಲಾದರೆ ಬಣ್ಣವೂ ಬದಲಾಗುತ್ತದೆ. ಹೊನ್ನಕ್ಕಿಯ ಹಳದಿಯಾದರೋ ನಿಜವಾದ ವರ್ಣದ್ರವ್ಯದಿಂದಲೇ ಬರುವಂಥದ್ದು, ಆಹಾರದಿಂದ ಸೇರುವ ಕ್ಯಾರೊಟಿನಾಯ್ಡ್.

ಚಿತ್ರಕಾರರಿಗೆ ಇದರಿಂದ ಏನು ಉಪಯೋಗ? ಹೊನ್ನಕ್ಕಿಯ ಹಳದಿ ನೆರಳಿನಲ್ಲೂ ಹಳದಿಯಾಗಿಯೇ ಇರುತ್ತದೆ, ಗಾಢವಾಗುತ್ತದೆ ಅಷ್ಟೆ. ನವಿಲಿನ ಕುತ್ತಿಗೆ ಹಾಗಲ್ಲ. ಬೆಳಕು ತಪ್ಪಿದ ಭಾಗ ಬಹುತೇಕ ಕಪ್ಪಾಗಿ, ಪಕ್ಕದಲ್ಲೇ ಥಟ್ಟನೆ ಉರಿಯುವ ನೀಲಿಯಾಗಿ ಕಾಣುತ್ತದೆ, ನಡುವಿನ ಹಂತಗಳು ಕಡಿಮೆ. ಆದ್ದರಿಂದ ಇಡೀ ಕುತ್ತಿಗೆಗೆ ನೀಲಿ ಹಚ್ಚಿ ಆಮೇಲೆ ನೆರಳು ಕೊಡುವ ಕ್ರಮ ಇಲ್ಲಿ ನಡೆಯುವುದಿಲ್ಲ. ಗದ್ದೆಮಿಂಚುಳ್ಳಿಗಾದರೆ ಕಾಗದದ ಬಿಳಿಯನ್ನು ಪೂರ್ತಿ ಕಾಪಾಡಿಕೊಂಡು, ಥ್ಯಾಲೊ ನೀಲಿಯ ಒಂದು ತೆಳು ಪದರ, ಒಣಗಿದ ಮೇಲೆ ಕೋಬಾಲ್ಟ್ ಟರ್ಕ್ವಾಯ್ಸಿನ ಇನ್ನೊಂದು ಪದರ, ಹೀಗೆ ಪಾರದರ್ಶಕವಾಗಿ ಏರಿಸಬೇಕು. ಬಿಳಿ ಬೆರೆಸಿದ ಗ್ವಾಶ್ ನೀಲಿ ಸುಣ್ಣ ಬೆರೆತಂತೆ ಮಂಕಾಗುತ್ತದೆ. ಅದರ ತಲೆ ಮತ್ತು ಹೊಟ್ಟೆಯ ಕಂದನ್ನು ಬೇಕೆಂದೇ ಮಂದವಾಗಿರಿಸಿದರೆ ಪಕ್ಕದ ನೀಲಿ ತಾನಾಗಿ ಬೆಳಗುತ್ತದೆ. ಮಿನುಗುವ ಪುಡಿ ಬೆರೆಸಿದ ಬಣ್ಣಗಳನ್ನು ದಯವಿಟ್ಟು ಬಳಸಬೇಡಿ, ಅವು ಕಾಗದದ ಮಿನುಗನ್ನು ತೋರಿಸುತ್ತವೆಯೇ ಹೊರತು ಹಕ್ಕಿಯದ್ದನ್ನಲ್ಲ.

ಪದವಿನಂಚು ಅವರಿಗೆ ಇನ್ನೊಂದು ಸಲಹೆ. ಬಂಡೆಯ ಬಣ್ಣವನ್ನು ಬಂಡೆಯಿಂದಲೇ ಮಾಡಿಕೊಳ್ಳಬಹುದು. ನಮ್ಮ ಮುರಕಲ್ಲಿನ ಕೆಂಪು, ಹಳದಿಗಳೆಲ್ಲ ಕಬ್ಬಿಣದ ಆಕ್ಸೈಡುಗಳು. ಅಂಗಡಿಯ ಓಕರ್, ಸಿಯೆನ್ನಾ ಬಣ್ಣಗಳ ಮೂಲವೂ ಇವೇ. ಕಲ್ಲು ಕಡಿಯುವಲ್ಲಿ ಬಿದ್ದಿರುವ ಪುಡಿಯನ್ನು ತಂದು ನುಣ್ಣಗೆ ಅರೆದು, ನೀರಿನಲ್ಲಿ ಕದಡಿ, ದಪ್ಪ ಮರಳು ತಳಕ್ಕೆ ಇಳಿದ ಕೂಡಲೇ ಮೇಲಿನ ಕೆನ್ನೀರನ್ನು ಬೇರೆ ಪಾತ್ರೆಗೆ ಬಸಿಯಬೇಕು. ಅದು ನಿಧಾನವಾಗಿ ತಂಗಿದ ಮೇಲೆ ಸಿಗುವ ಗಸಿಯೇ ಬಣ್ಣ. ಒಣಗಿಸಿ, ಜಾಲಿಯ ಅಂಟನ್ನು ನೀರಿನಲ್ಲಿ ಕರಗಿಸಿ, ತುಸು ಜೇನು ಸೇರಿಸಿ ಗಾಜಿನ ಮೇಲೆ ಅರೆದರೆ ಜಲವರ್ಣ ಸಿದ್ಧ. ಹಳದಿ ಮಣ್ಣನ್ನು ಬೆಂಕಿಯಲ್ಲಿ ಕಾಯಿಸಿದರೆ ಅದರೊಳಗಿನ ನೀರಿನಂಶ ಹೋಗಿ ಕೆಂಪಾಗುತ್ತದೆ, ಹೀಗೆ ಒಂದೇ ಮಣ್ಣಿನಿಂದ ಹಲವು ಛಾಯೆಗಳನ್ನು ಪಡೆಯಬಹುದು. ಈ ಬಣ್ಣಗಳು ಬಿಸಿಲಿಗೆ ಮಾಸುವುದಿಲ್ಲ. ಅರಸಿನದಂಥ ಸಸ್ಯಮೂಲದ ಬಣ್ಣಗಳು ಮಾಸುತ್ತವೆ, ಅವನ್ನು ಗೋಡೆಯ ಚಿತ್ರಕ್ಕೆ ಬಳಸಬೇಡಿ.

ಪದವಿನಂಚು, ಬದಿಯಡ್ಕ:

ಇಷ್ಟು ವಿವರವಾದ ಉತ್ತರಗಳನ್ನು ನಾನು ನಿರೀಕ್ಷಿಸಿರಲಿಲ್ಲ. ಮಾಸ್ಟ್ರಿಗೆ, ಅಕ್ಕನಿಗೆ, ಎಲ್ಲರಿಗೂ ಧನ್ಯವಾದಗಳು. ಮುರಕಲ್ಲಿನ ಬಣ್ಣದಿಂದಲೇ ಮುರಕಲ್ಲನ್ನು ಚಿತ್ರಿಸುವ ಯೋಚನೆ ಮನಸ್ಸನ್ನು ಪೂರ್ತಿ ಹಿಡಿದಿದೆ. ಇನ್ನೆರಡು ಪ್ರಶ್ನೆಗಳಿವೆ. ಟಿಟ್ಟಿಭದ ಗೂಡನ್ನೂ ಮೊಟ್ಟೆಗಳನ್ನೂ ಚಿತ್ರದಲ್ಲಿ ಸೇರಿಸಬೇಕೆಂದಿದ್ದೇನೆ, ಎಷ್ಟು ದೂರದಿಂದ ನೋಡುವುದು ಸರಿ? ಸಣ್ಣ ಗರಿಗಳ ಕೆಲಸಕ್ಕೆ ಯಾವ ಕುಂಚ ಒಳ್ಳೆಯದು?

ಹೊಳೆಬದಿ, ಮುಳ್ಳೇರಿಯ:

ಎರಡೂ ಪ್ರಶ್ನೆಗಳಿಗೆ ನಾನು ಉತ್ತರಿಸಬಯಸುತ್ತೇನೆ, ಏಕೆಂದರೆ ಇವೆರಡರಲ್ಲೂ ಚಿತ್ರಕಾರರಿಂದಲೇ ಜೀವಿಗಳಿಗೆ ಹಾನಿಯಾಗುವ ಸಾಧ್ಯತೆಯಿದೆ.

ಟಿಟ್ಟಿಭ ಗೂಡು ಕಟ್ಟುವುದಿಲ್ಲ. ಬಯಲಿನಲ್ಲೇ ಸಣ್ಣ ತಗ್ಗಿನಲ್ಲಿ, ಸಾಮಾನ್ಯವಾಗಿ ನಾಲ್ಕು ಮೊಟ್ಟೆಗಳನ್ನಿಡುತ್ತದೆ. ಮೊಟ್ಟೆಗಳಿಗೆ ನೆಲದ ಬಣ್ಣವೇ ರಕ್ಷಣೆ. ಬಿಸಿ ಬಂಡೆಯ ಮೇಲೆ ಕಾವು ಕೊಡುವುದಕ್ಕಿಂತಲೂ ತಂಪು ಕೊಡುವುದು ಆ ಹಕ್ಕಿಗೆ ದೊಡ್ಡ ಕೆಲಸ: ಹೊಟ್ಟೆಯ ಗರಿಗಳನ್ನು ನೀರಿನಲ್ಲಿ ನೆನೆಸಿಕೊಂಡು ಬಂದು ಮೊಟ್ಟೆಗಳ ಮೇಲೆ ಕೂರುತ್ತದೆ. ನೀವು ಹತ್ತಿರ ಹೋದರೆ ಹಕ್ಕಿ ಎದ್ದು ಕೂಗುತ್ತಾ ಹಾರಾಡುತ್ತದೆ, ಆ ಹೊತ್ತು ಮೊಟ್ಟೆಗಳು ಬಿಸಿಲಿಗೆ ಬೇಯುತ್ತವೆ, ಕಾಗೆಗೂ ಮುಂಗುಸಿಗೂ ಜಾಗ ಗೊತ್ತಾಗುತ್ತದೆ. ಇಷ್ಟು ಮೀಟರ್ ಎಂಬ ಲೆಕ್ಕಕ್ಕಿಂತ ಹಕ್ಕಿಯೇ ಅಳತೆ. ಅದು ತನ್ನ ಕೆಲಸ ನಿಲ್ಲಿಸಿ ನಿಮ್ಮ ಕಡೆಗೆ ತಿರುಗಿತೆಂದರೆ ನೀವು ಆಗಲೇ ಹತ್ತಿರವಾಗಿದ್ದೀರಿ, ಹಿಂದೆ ಸರಿಯಿರಿ. ಗೂಡಿನ ಜಾಗವನ್ನು ಅಂತರ್ಜಾಲದಲ್ಲಿ ಹಾಕಬೇಡಿ. ಕಿದೂರಿನಂಥ ಕಡೆಗಳಿಗೆ ಹಕ್ಕಿ ನೋಡಲು ಈಗ ದೂರದಿಂದಲೂ ಜನ ಬರುತ್ತಾರೆ, ಒಬ್ಬರು ತಿಳಿಸಿದರೆ ಸಾಲು ಸಾಲಾಗಿ ಬರುತ್ತಾರೆ.

ಕುಂಚದ ವಿಷಯ ಇನ್ನೂ ಗಂಭೀರ. ಮುಂಗುಸಿಯ ಕೂದಲಿನ ಕುಂಚಗಳು ತುದಿ ಚೂಪಾಗಿ ನಿಲ್ಲುತ್ತವೆ ಎಂಬ ಕಾರಣಕ್ಕೆ ನಮ್ಮ ದೇಶದಲ್ಲಿ ಬಹುಕಾಲ ಬಳಕೆಯಲ್ಲಿದ್ದವು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಮುಂಗುಸಿ ರಕ್ಷಿತ ಪ್ರಾಣಿ, ಅದರ ಕೂದಲಿನ ಕುಂಚವನ್ನು ತಯಾರಿಸುವುದೂ ಮಾರುವುದೂ ಅಪರಾಧ. ಹಾಗಿದ್ದರೂ ಕಳ್ಳದಾರಿಯಲ್ಲಿ ಮಾರಾಟ ನಡೆಯುತ್ತಲೇ ಇದೆ, ದೇಶದ ಹಲವೆಡೆ ಸಾವಿರಗಟ್ಟಲೆ ಕುಂಚಗಳನ್ನು ವಶಪಡಿಸಿಕೊಂಡಿದ್ದಾರೆ. ಕೂದಲಿಗಾಗಿ ಮುಂಗುಸಿಯನ್ನು ಕೊಲ್ಲುತ್ತಾರೆ, ಸಾಕಿ ಕತ್ತರಿಸುವುದಲ್ಲ. ಕಂದು ಮತ್ತು ಕೆನೆಬಣ್ಣದ ಪಟ್ಟೆಗಳಿರುವ ಗಡಸು ಕೂದಲು ಕಂಡರೆ ಅನುಮಾನಿಸಿ, ಕೊಳ್ಳಬೇಡಿ. ಒಳ್ಳೆಯ ನೈಲಾನ್ ಕುಂಚಗಳು ಈಗ ಸಿಗುತ್ತವೆ, ಸೊನ್ನೆ ಮತ್ತು ಎರಡನೇ ನಂಬರಿನವು ಗರಿಗಳ ಕೆಲಸಕ್ಕೆ ಸಾಕು. ಕಾಡಿನ ಜೀವಿಯನ್ನು ಪ್ರೀತಿಯಿಂದ ಚಿತ್ರಿಸುವ ಕೈಯಲ್ಲಿ ಇನ್ನೊಂದು ಕಾಡುಜೀವಿಯ ಸಾವು ಇರಬಾರದು, ಇದರಲ್ಲಿ ರಾಜಿಗೆ ಅವಕಾಶವಿಲ್ಲ ಎಂದು ನಾನು ಭಾವಿಸುತ್ತೇನೆ.

ಹಳೆಯ ಪುಟಗಳು, ನೀರ್ಚಾಲು:

ಹೊಳೆಬದಿಯವರ ಮಾತಿಗೆ ಚರಿತ್ರೆಯ ಹಿನ್ನೆಲೆಯೊಂದನ್ನು ಸೇರಿಸಬಹುದು. ಹಕ್ಕಿಚಿತ್ರಗಳಿಗೆ ಜಗತ್ಪ್ರಸಿದ್ಧನಾದ ಆಡುಬಾನ್ 1827ರಿಂದ 1838ರವರೆಗೆ ಅಮೆರಿಕದ ಹಕ್ಕಿಗಳ 435 ಫಲಕಗಳನ್ನು ಪ್ರಕಟಿಸಿದ. ಹಕ್ಕಿಗಳನ್ನು ಹೊಡೆದು ತಂದು, ತಂತಿ ಚುಚ್ಚಿ ಬೇಕಾದ ಭಂಗಿಗೆ ನಿಲ್ಲಿಸಿ ಚಿತ್ರಿಸುವುದು ಅವನ ಕ್ರಮವಾಗಿತ್ತು. ಅವನಿಗಿಂತ ಎರಡು ಶತಮಾನ ಮೊದಲೇ ನಮ್ಮಲ್ಲಿ ಜಹಾಂಗೀರನ ಆಸ್ಥಾನದ ಉಸ್ತಾದ್ ಮನ್ಸೂರ್ ಇದ್ದ. 1612ರಲ್ಲಿ ಗೋವೆಯಿಂದ ತರಿಸಿದ ಟರ್ಕಿ ಕೋಳಿಯನ್ನು, 1621ರಲ್ಲಿ ಆಸ್ಥಾನಕ್ಕೆ ಬಂದ ಜೀಬ್ರಾವನ್ನು ಅವನು ಚಿತ್ರಿಸಿದ. ಟರ್ಕಿ ಕೋಳಿಯ ಕುತ್ತಿಗೆಯ ಸುಕ್ಕುಸುಕ್ಕಾದ ಚರ್ಮವನ್ನು ನೋಡಿದರೆ, ಎದುರಿಗೆ ಜೀವಂತವಾಗಿ ಓಡಾಡುತ್ತಿದ್ದ ಪ್ರಾಣಿಯನ್ನು ಎಷ್ಟು ತಾಳ್ಮೆಯಿಂದ ಗಮನಿಸಿದ್ದಾನೆ ಎಂಬುದು ತಿಳಿಯುತ್ತದೆ. ಆದರೆ ಮನ್ಸೂರನ ಪ್ರಾಣಿಗಳು ಹೆಚ್ಚಾಗಿ ಖಾಲಿ ಹಿನ್ನೆಲೆಯಲ್ಲಿ ನಿಂತಿರುತ್ತವೆ. ಪ್ರಾಣಿಯನ್ನೂ ಅದರ ನೆಲವನ್ನೂ ಒಂದೇ ಬೆಳಕಿನೊಳಗೆ ತಂದವರಲ್ಲಿ ಸ್ವೀಡನ್ನಿನ ಬ್ರೂನೊ ಲಿಲ್ಯೆಫೋರ್ಸ್ (1860–1939) ಪ್ರಮುಖ. ಹಿಮದೊಳಗಿನ ಮೊಲ, ಹುಲ್ಲಿನೊಳಗಿನ ಹಕ್ಕಿ, ಯಾವುದರಲ್ಲೂ ಪ್ರಾಣಿಯನ್ನು ಮೊದಲು ಹುಡುಕಬೇಕಾಗುತ್ತದೆ. ಪದವಿನಂಚು ಅವರು ಕೇಳಿದ ಪ್ರಶ್ನೆಗೆ ಅವನ ಚಿತ್ರಗಳಲ್ಲಿ ಉತ್ತರವಿದೆ, ಮುದ್ರಿತ ಪ್ರತಿಗಳು ಸಿಕ್ಕಿದರೆ ನೋಡಿ.

ಅಮೆರಿಕದ ಚಿತ್ರಕಾರ ಆ್ಯಬಟ್ ಥೇಯರ್ ಕೂಡ ಇಲ್ಲಿ ನೆನಪಾಗಬೇಕು. ಹೆಚ್ಚಿನ ಪ್ರಾಣಿಗಳ ಬೆನ್ನು ಗಾಢ, ಹೊಟ್ಟೆ ತಿಳಿ. ಮೇಲಿನಿಂದ ಬೀಳುವ ಬೆಳಕು ಬೆನ್ನನ್ನು ತಿಳಿಯಾಗಿಸಿ ಹೊಟ್ಟೆಯನ್ನು ಗಾಢವಾಗಿಸುವುದರಿಂದ ಎರಡೂ ಸರಿದೂಗಿ ಪ್ರಾಣಿ ಚಪ್ಪಟೆಯಾಗಿ, ಹಿನ್ನೆಲೆಯಲ್ಲಿ ಮರೆಯಾಗುತ್ತದೆ ಎಂದು ವಿವರಿಸಿದವನು ಅವನು. ಚಿತ್ರಕಾರನ ಕಣ್ಣು ವಿಜ್ಞಾನಕ್ಕೆ ಕೊಟ್ಟ ಕೊಡುಗೆ ಅದು. ಮುಂದೆ ಅವನು ಎಲ್ಲ ಬಣ್ಣಗಳೂ ಮರೆಯಾಗುವುದಕ್ಕೇ ಇವೆ ಎಂದು ವಾದಿಸಿ, ರಾಜಹಂಸಗಳ ಗುಲಾಬಿ ಬಣ್ಣ ಸಂಜೆಯ ಆಕಾಶದಲ್ಲಿ ಅಡಗಲು ಎಂಬವರೆಗೂ ಹೋದದ್ದನ್ನು ಅಮೆರಿಕದ ಮಾಜಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಬಲವಾಗಿ ಟೀಕಿಸಿದರು, ಆ ಟೀಕೆ ಸರಿಯಾಗಿಯೇ ಇತ್ತು.

ದೂರದವರನ್ನೇ ಹೇಳಬೇಕಾಗಿಲ್ಲ. ಗೋವೆಯ ಉಸಗಾಳಿಮಳದಲ್ಲಿ, ರತ್ನಾಗಿರಿಯ ಬಯಲುಗಳಲ್ಲಿ ಪ್ರಾಚೀನರು ಇದೇ ಮುರಕಲ್ಲಿನ ನೆಲದ ಮೇಲೆ ಗೂಳಿ, ಹುಲಿ, ಆನೆಗಳನ್ನು ಕೊರೆದಿದ್ದಾರೆ. ಅವರಿಗೂ ಪದವೇ ಕಾಗದವಾಗಿತ್ತು. ನಮ್ಮ ಕಡೆ ನವರಾತ್ರಿಯ ಹುಲಿವೇಷದ ಬಣ್ಣಗಾರರು ಪಟ್ಟೆ ಎಳೆಯುವುದನ್ನು ಹತ್ತಿರದಿಂದ ನೋಡಿ: ಹೊಟ್ಟೆಯ ಉಬ್ಬಿಗೆ, ಭುಜದ ತಿರುವಿಗೆ ತಕ್ಕಂತೆ ಪಟ್ಟೆ ಬಾಗುತ್ತದೆ. ಮೈಯ ಆಕಾರವನ್ನು ಗೆರೆಯಿಂದಲೇ ತೋರಿಸುವ ಆ ಪಾಠ ಯಾವ ಕಲಾಶಾಲೆಯ ಪಾಠಕ್ಕೂ ಕಡಿಮೆಯಲ್ಲ.

ಕಡಲಕರೆ, ಮಂಜೇಶ್ವರ:

ಅಲುಗಾಡದ ಪ್ರಾಣಿಯಿಂದ ಅಭ್ಯಾಸ ಆರಂಭಿಸಬಯಸುವವರಿಗೆ ಅನಂತಪುರ ದೇವಸ್ಥಾನದ ಕೆರೆಯ ಮೊಸಳೆ ಬಬಿಯಾಗಿಂತ ಒಳ್ಳೆಯ ಗುರು ಇರಲಿಲ್ಲ. 2022ರ ಅಕ್ಟೋಬರಿನಲ್ಲಿ ತೀರಿಕೊಂಡ ಬಬಿಯಾದ ಬೆನ್ನಿನ ಗಟ್ಟಿ ಫಲಕಗಳ ಸಾಲುಗಳು ಕುತ್ತಿಗೆಯಿಂದ ಬಾಲದವರೆಗೆ ಹೇಗೆ ಬದಲಾಗುತ್ತವೆ ಎಂಬುದನ್ನು ಎಷ್ಟೋ ಜನ ಅಲ್ಲೇ ನಿಂತು ಕಲಿತಿದ್ದಾರೆ. ಮರುವರ್ಷ ಆ ಕೆರೆಯಲ್ಲಿ ಇನ್ನೊಂದು ಮೊಸಳೆ ಕಾಣಿಸಿಕೊಂಡಿತು. ದೇವಸ್ಥಾನದ ನಿಯಮಗಳನ್ನು ಪಾಲಿಸಿಕೊಂಡು, ಕೇಳಿಕೊಂಡು ಚಿತ್ರಿಸಿ.

ಬಣ್ಣದ ಬಟ್ಟಲು, ಕಾಸರಗೋಡು:

ಕಾಗದದ ಪ್ರಶ್ನೆ ಉಳಿದಿತ್ತು. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ ನಮ್ಮ ಜಿಲ್ಲೆಯಲ್ಲಿ ಕಾಗದದ ಮೇಲಿನ ಅಂಟುಲೇಪಕ್ಕೆ ಬೂಷ್ಟು ಬೇಗ ಹಿಡಿಯುತ್ತದೆ. ಲೇಪ ಹಾಳಾದ ಕಾಗದ ಬಣ್ಣವನ್ನು ಒತ್ತುಕಾಗದದಂತೆ ಹೀರುತ್ತದೆ, ಮಚ್ಚೆಮಚ್ಚೆಯಾಗುತ್ತದೆ. ಪೂರ್ತಿ ಹತ್ತಿಯಿಂದ ಮಾಡಿದ 300 ಜಿಎಸ್‌ಎಂ ಕಾಗದವನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಇಡಿ. ಆಟಿಯಲ್ಲಿ ಒಂದು ಪದರ ಒಣಗಲು ಬಹಳ ಹೊತ್ತು ಬೇಕು. ಆದ್ದರಿಂದ ಒದ್ದೆಯ ಮೇಲೆ ಒದ್ದೆ ಹರಿಸುವ ಆಕಾಶ, ಮಂಜು, ಒದ್ದೆ ಬಂಡೆಗಳನ್ನು ಮಳೆಗಾಲಕ್ಕೆ ಇಟ್ಟುಕೊಂಡು, ಒಣಕುಂಚದಿಂದ ಮಾಡುವ ಗರಿಗಳ ಕೆಲಸವನ್ನು ಡಿಸೆಂಬರಿನ ನಂತರಕ್ಕೆ ಇಡುವುದು ಜಾಣತನ.

ಪದವಿನಂಚು, ಬದಿಯಡ್ಕ:

ಹಾಗಾದರೆ ಮಾಲೆಯ ಕ್ರಮವನ್ನೇ ಬದಲಿಸುತ್ತೇನೆ. ಮೊದಲು ಮಳೆಗಾಲದ ಪದವು, ತುಂಬಿದ ಪಳ್ಳ, ದೂರದಲ್ಲಿ ಸಣ್ಣದಾಗಿ ಟಿಟ್ಟಿಭ. ಗೂಡಿನ ಚಿತ್ರವನ್ನು ಕೈಬಿಟ್ಟಿದ್ದೇನೆ, ಮೊಟ್ಟೆಗಳನ್ನು ಸೇರಿಸಬೇಕೆನಿಸಿದರೆ ಪ್ರಕಟವಾದ ಫೋಟೋಗಳನ್ನು ನೋಡುತ್ತೇನೆ. ಬೇಸಗೆಯಲ್ಲಿ ಹತ್ತಿರದ ಟಿಟ್ಟಿಭ, ಹೊಟ್ಟೆಯಡಿಯ ಕಾವಿಬಣ್ಣದೊಂದಿಗೆ. ನಡುವೆ ಪೆರ್ಲದ ಅಕ್ಕ ಒಪ್ಪಿದರೆ ಅವರ ತೋಟದ ಓತಿಯನ್ನೂ ನೋಡಲು ಬರುತ್ತೇನೆ. ವಾಚನಾಲಯದ ಯಾವ ಗೋಡೆಗೆ ಹಾಕಿದರೆ ಒಳ್ಳೆಯದು ಎಂಬುದಷ್ಟೇ ಉಳಿದಿರುವ ಪ್ರಶ್ನೆ.

ತೋಟದಮನೆ, ಪೆರ್ಲ:

ಖಂಡಿತ ಬನ್ನಿ. ಬೆಳಗ್ಗೆ ಬಿಸಿಲು ಬರುವ ಮೊದಲೇ ತಲುಪಿದರೆ ಅವು ಮೇಲಿನಿಂದ ಇಳಿಯುವುದನ್ನು ನೋಡಬಹುದು. ಮದ್ದು ಬಿಡುವ ದಿನಗಳಲ್ಲಿ ಮಾತ್ರ ಬೇಡ, ಮೊದಲೇ ತಿಳಿಸುತ್ತೇನೆ.

ಡ್ರಾಯಿಂಗ್ ಮಾಸ್ಟ್ರು, ಕುಂಬಳೆ:

ಪಶ್ಚಿಮದ ಹೊರಗೋಡೆ ಬೇಡ, ಮಳೆಯ ಹೊಡೆತಕ್ಕೆ ಅದು ಒಳಗಿನವರೆಗೂ ತೇವ ಹೀರುತ್ತದೆ. ಕೋಣೆಗಳ ನಡುವಿನ ಒಳಗೋಡೆಯನ್ನು ಆರಿಸಿ, ಕಿಟಕಿಯ ನೇರ ಬಿಸಿಲು ಬೀಳದಂತೆ ನೋಡಿಕೊಳ್ಳಿ. ಫ್ರೇಮ್ ಹಾಕಿಸುವಾಗ ಗಾಜು ಚಿತ್ರಕ್ಕೆ ತಾಗದಂತೆ ನಡುವೆ ದಪ್ಪ ಮೌಂಟ್ ಬೋರ್ಡ್ ಇಡಿಸಿ, ತಾಗಿದರೆ ಮಳೆಗಾಲದಲ್ಲಿ ಬಣ್ಣ ಗಾಜಿಗೆ ಅಂಟುತ್ತದೆ. ಹಿಂಬದಿಯ ನಾಲ್ಕು ಮೂಲೆಗಳಿಗೂ ಸಣ್ಣ ಬೆಂಡಿನ ತುಂಡುಗಳನ್ನು ಅಂಟಿಸಿದರೆ ಗೋಡೆಗೂ ಫ್ರೇಮಿಗೂ ನಡುವೆ ಗಾಳಿಯಾಡುತ್ತದೆ. ಚಿತ್ರಗಳನ್ನು ಮಕ್ಕಳ ಕಣ್ಣಿನ ಎತ್ತರಕ್ಕೇ ತೂಗುಹಾಕಿ.